ಕಾಡಿನಲ್ಲಿ ಕಂಡದ್ದು, ತೊರೆಯಲ್ಲಿ ಕಾಣದ್ದು

2007ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಬ್ರಿಜ್ ಟು ಟೆರಬಿಥಿಯಾ’ ಸಿನಿಮಾದ ಬಗ್ಗೆ ತಕರಾರು ಎದ್ದದ್ದು ಅದರ ಟ್ರೇಲರ್‌ನಿಂದ. ಟ್ರೇಲರ್‌ನ ತುಂಬ ದೈತ್ಯರು, ವಿಚಿತ್ರ ಪ್ರಾಣಿಗಳು, ಮಾಯಾಲೋಕದ ಯುದ್ಧ. ಎರಡು ವರ್ಷದ ಹಿಂದಷ್ಟೇ, 2005ರಲ್ಲಿ, ಇದೇ ವಾಲ್ಡನ್ ಮೀಡಿಯಾ ಮತ್ತು ಡಿಸ್ನಿ ಸಂಸ್ಥೆಗಳು ಸಿ. ಎಸ್. ಲೂಯಿಸ್‌ನ ನಾರ್ನಿಯಾ ಕಥೆಯನ್ನು ತೆರೆಗೆ ತಂದು ಗೆದ್ದಿದ್ದವು. ಹಾಗಾಗಿ ಮಕ್ಕಳ ಕೈಹಿಡಿದು ಹೊರಟ ಅಪ್ಪ ಅಮ್ಮಂದಿರು ಇನ್ನೊಂದು ನಾರ್ನಿಯಾ ನೋಡಲು ಹೋದರು. ಒಳಗೆ ಅವರಿಗೆ ಸಿಕ್ಕಿದ್ದು ಹಣದ ತಾಪತ್ರಯದ ಮನೆಯ ಒಬ್ಬ ಹುಡುಗ, ಪಕ್ಕದ ಮನೆಗೆ ಹೊಸದಾಗಿ ಬಂದ ಒಬ್ಬಳು ಹುಡುಗಿ, ಶಾಲೆಯ ಬಸ್ಸು, ಮನೆಗೆಲಸ. ಕೊನೆಗೆ ಆ ಹುಡುಗಿಯ ಸಾವು. ಚಿತ್ರಕಥೆ ಬರೆದವರಲ್ಲಿ ಒಬ್ಬನಾದ ಡೇವಿಡ್ ಪ್ಯಾಟರ್ಸನ್ ತಾನೇ ಮುಂದೆ ಬಂದು, ಆ ಜಾಹೀರಾತು ಜನರ ದಾರಿ ತಪ್ಪಿಸುತ್ತದೆ ಎಂದು ಹೇಳಬೇಕಾಯಿತು.

ಕಾದಂಬರಿ ಓದಿ ಬೆಳೆದವರ ತಕರಾರು ಬೇರೆಯೇ. ಡೇವಿಡ್‌ನ ತಾಯಿ ಕ್ಯಾಥರೀನ್ ಪ್ಯಾಟರ್ಸನ್ 1977ರಲ್ಲಿ ಪ್ರಕಟಿಸಿದ, ಮರುವರ್ಷ ನ್ಯೂಬೆರಿ ಪದಕ ಪಡೆದ ಆ ಪುಟ್ಟ ಪುಸ್ತಕದಲ್ಲಿ ಒಬ್ಬ ದೈತ್ಯನೂ ಎದುರಿಗೆ ಬಂದು ನಿಲ್ಲುವುದಿಲ್ಲ. ಜೆಸ್ ಆರನ್ಸ್, ಲೆಸ್ಲಿ ಬರ್ಕ್ ಎಂಬ ಐದನೇ ಕ್ಲಾಸಿನ ಮಕ್ಕಳು ಹಗ್ಗ ಹಿಡಿದು ಜೀಕಿ ಒಂದು ತೊರೆ ದಾಟುತ್ತಾರೆ; ಆಚೆ ದಡದ ಕಾಡಿಗೆ ಟೆರಬಿಥಿಯಾ ಎಂದು ಹೆಸರಿಡುತ್ತಾರೆ; ಅಲ್ಲಿಗೆ ತಾವೇ ರಾಜ ರಾಣಿ. ಆ ರಾಜ್ಯ ಇರುವುದೆಲ್ಲ ಲೆಸ್ಲಿಯ ಮಾತಿನಲ್ಲಿ. ಅವಳು ಹೇಳುತ್ತಾಳೆ, ಜೆಸ್ ಕೇಳುತ್ತಾನೆ, ಓದುವವರು ತಮ್ಮ ಪಾಡಿಗೆ ತಾವು ಕಟ್ಟಿಕೊಳ್ಳುತ್ತಾರೆ. ಸಿನಿಮಾ ಈ ಕೆಲಸವನ್ನು ‘ಲಾರ್ಡ್ ಆಫ್ ದಿ ರಿಂಗ್ಸ್’ ಖ್ಯಾತಿಯ ವೇಟಾ ಡಿಜಿಟಲ್ ಎಂಬ ನ್ಯೂಜಿಲೆಂಡ್ ಸಂಸ್ಥೆಯ ಕಂಪ್ಯೂಟರುಗಳಿಗೆ ಒಪ್ಪಿಸಿತು. ಕಲ್ಪನೆಯ ಬಗ್ಗೆ ಇರುವ ಕಥೆಯಲ್ಲಿ ನೋಡುಗನ ಕಲ್ಪನೆಗೆ ಏನೂ ಉಳಿಯಲಿಲ್ಲವಲ್ಲ ಎಂಬುದು ಅವರ ದೂರು.

ಈ ಉಪನ್ಯಾಸ ಆ ದೂರಿಗೆ ಒಂದು ಉತ್ತರ. ದೂರು ಪೂರ್ತಿ ತಪ್ಪೆಂದು ಸಾಧಿಸುವ ಹಟ ಇಲ್ಲಿಲ್ಲ. ಆದರೆ ಸಿನಿಮಾ ಏನನ್ನು ತೋರಿಸಿತು ಎಂಬುದರ ಮೇಲೆ ಇಷ್ಟು ಜಗಳವಾಡಿದವರು, ಅದು ಏನನ್ನು ತೋರಿಸಲಿಲ್ಲ ಎಂಬುದನ್ನು ಗಮನಿಸಲೇ ಇಲ್ಲ.

ಮೊದಲು ತೋರಿಸಿದ್ದನ್ನೇ ನೋಡೋಣ. ನಿರ್ದೇಶಕ ಗಾಬೊರ್ ಚೂಪೊ ಹಂಗರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಅನಿಮೇಶನ್ ಕಲಾವಿದ. ಹಾಲುಗಲ್ಲದ ಕೂಸುಗಳ ಕಣ್ಣಿನಲ್ಲಿ ಮನೆಯ ಅಂಗಳವೇ ಕಾಡಾಗಿ ಕಾಣುವ ‘ರಗ್‌ರಾಟ್ಸ್’ ಎಂಬ ಟಿವಿ ಸರಣಿ ಅವನ ಸಂಸ್ಥೆಯದೇ. ನಟನಟಿಯರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಅವನು ಮಾಡಿದ ಮೊದಲ ಸಿನಿಮಾ ಇದು. ಛಾಯಾಗ್ರಾಹಕ ಮೈಕೆಲ್ ಚಾಪ್ಮನ್‌ಗೆ ಇದೇ ಕೊನೆಯದು. ‘ಟ್ಯಾಕ್ಸಿ ಡ್ರೈವರ್’, ‘ರೇಜಿಂಗ್ ಬುಲ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ಕೈ ಅದು. ಮಾಯೆಯಲ್ಲಿ ಪಳಗಿದವನೊಬ್ಬ, ಬೀದಿಯ ಬೆಳಕನ್ನು ಬಲ್ಲವನೊಬ್ಬ. ಇಬ್ಬರೂ ಸೇರಿದ್ದರಿಂದಲೇ ಸಿನಿಮಾದ ಕಾಡು ಬಹುಪಾಲು ಬರಿಯ ಕಾಡಾಗಿಯೇ ಕಾಣುತ್ತದೆ: ಒದ್ದೆ ಎಲೆ, ಪಾಚಿ ಹಿಡಿದ ಕೊಂಬೆ, ಹಾಳುಬಿದ್ದ ಮರದ ಮೇಲಿನ ಮನೆ.

ಆ ಕಾಡಿನಲ್ಲಿ ಓಡಾಡುವ ಭೂತಗಳು ಎಲ್ಲಿಂದ ಬಂದವು ಎಂದು ನೋಡಿದರೆ ಸಿನಿಮಾದ ಲೆಕ್ಕಾಚಾರ ತಿಳಿಯುತ್ತದೆ. ಶಾಲೆಯಲ್ಲಿ ಜೆಸ್‌ನನ್ನು ಕಾಡುವ ಇಬ್ಬರು ಹುಡುಗರು ಹೋಗರ್ ಮತ್ತು ಫುಲ್ಚರ್. ಶೌಚಾಲಯಕ್ಕೆ ಹೋಗುವ ಚಿಕ್ಕ ಹುಡುಗಿಯರಿಂದ ದುಡ್ಡು ವಸೂಲು ಮಾಡುವ, ಜೆಸ್‌ನ ಪುಟ್ಟ ತಂಗಿಯ ತಿಂಡಿ ಕಿತ್ತುಕೊಳ್ಳುವ ದೊಡ್ಡ ಹುಡುಗಿ ಜ್ಯಾನಿಸ್ ಏವರಿ. ಕಾಡಿನ ಅಳಿಲು-ರಾಕ್ಷಸನಿಗೂ ರೋಮದ ರಣಹದ್ದಿಗೂ ಆ ಹುಡುಗರ ಹೆಸರಿನ ಛಾಯೆ ಇದೆ. ನೆಲ ನಡುಗಿಸುತ್ತ ಬರುವ ದೈತ್ಯೆಗೆ ಜ್ಯಾನಿಸ್‌ಳ ಮುಖವಿದೆ. ಮುಂದೆ ಶೌಚಾಲಯದಲ್ಲಿ ಒಬ್ಬಳೇ ಕೂತು ಅಳುತ್ತಿದ್ದ ಜ್ಯಾನಿಸ್‌ಳನ್ನು ಲೆಸ್ಲಿ ಮಾತಾಡಿಸಿ, ಮನೆಯಲ್ಲಿ ಅಪ್ಪನ ಕೈಲಿ ಅವಳು ಪಡುವ ಪಾಡನ್ನು ಕೇಳಿಸಿಕೊಳ್ಳುತ್ತಾಳೆ. ಅಲ್ಲಿಂದಾಚೆಗೆ ಕಾಡಿನ ದೈತ್ಯೆಯೂ ಶತ್ರುವಾಗಿ ಉಳಿಯುವುದಿಲ್ಲ. ಇವು ಅಲಂಕಾರಕ್ಕೆ ಅಂಟಿಸಿದ ಭೂತಗಳಲ್ಲ. ಹಗಲು ಶಾಲೆಯಲ್ಲಿ ಎದುರಿಸಲಾಗದ್ದನ್ನು ಸಂಜೆ ಕಾಡಿನಲ್ಲಿ ಎದುರಿಸುವ ಮಕ್ಕಳ ಉಪಾಯ ಅದು.

ಇನ್ನೊಂದು ಮಾತು. ಈ ಭೂತಗಳು ಮೊದಲ ದಿನವೇ ಬರುವುದಿಲ್ಲ. ಜೆಸ್ ಚಿತ್ರ ಬರೆಯುವ ಹುಡುಗ. ಕಾಣದ್ದನ್ನು ನಂಬುವುದು ಅವನಿಗೆ ಕಷ್ಟ. ಅಕ್ಕನ ಹಳೆಯ ಶೂಗಳ ಗುಲಾಬಿ ಪಟ್ಟಿಗಳಿಗೆ ಕಪ್ಪು ಬಣ್ಣ ಬಳಿದುಕೊಂಡು ಓಟದ ಪಂದ್ಯಕ್ಕೆ ಬರುತ್ತಾನಲ್ಲ, ಆ ದೃಶ್ಯದಲ್ಲೇ ಅವನ ಸ್ವಭಾವ ಇದೆ: ಅವನ ಬಣ್ಣ ಮುಚ್ಚಿಡುವುದಕ್ಕೆ. ಲೆಸ್ಲಿ ಬಂದ ಮೇಲೆ ಅದೇ ಕೈ ತೆರೆದು ತೋರಿಸುವುದನ್ನು ಕಲಿಯುತ್ತದೆ. ಕಾಡು ಮೊದಲು ಸದ್ದಾಗಿ, ಆಮೇಲೆ ನೆರಳಾಗಿ, ಕೊನೆಗೆ ರೂಪವಾಗಿ ಬರುತ್ತದೆ. ಅಂದರೆ ಕಂಪ್ಯೂಟರ್ ತೋರಿಸುತ್ತಿರುವುದು ಟೆರಬಿಥಿಯಾವನ್ನಲ್ಲ, ಜೆಸ್‌ನ ಕಣ್ಣು ತೆರೆಯುವ ಬಗೆಯನ್ನು. ಮಾತಿನಲ್ಲಿ ಲೆಸ್ಲಿ ಕಟ್ಟಿದ್ದನ್ನು ಗೆರೆಯಲ್ಲಿ ಕಾಣುವ ಹುಡುಗನ ಸಿನಿಮಾ ಇದು. ಕಾದಂಬರಿ ಓದುಗರು ಇಷ್ಟನ್ನು ಒಪ್ಪಿದರೆ ಅರ್ಧ ಜಗಳ ಮುಗಿಯಿತು.

ಈಗ ತೋರಿಸದೆ ಬಿಟ್ಟದ್ದು.

ಒಂದು ಶನಿವಾರ ಬೆಳಿಗ್ಗೆ ಸಂಗೀತದ ಟೀಚರ್ ಮಿಸ್ ಎಡ್ಮಂಡ್ಸ್ ಫೋನ್ ಮಾಡಿ ಜೆಸ್‌ನನ್ನು ಮ್ಯೂಸಿಯಂಗೆ ಕರೆಯುತ್ತಾರೆ. ಅವನಿಗೆ ಆ ಟೀಚರ್ ಎಂದರೆ ಪ್ರಾಣ. ಕಾರು ಲೆಸ್ಲಿಯ ಮನೆಯ ಮುಂದೆ ಹಾದುಹೋಗುವಾಗ ಅವನು ಆ ಕಡೆ ನೋಡುತ್ತಾನೆ. ಅವಳನ್ನೂ ಕರೆಯೋಣವೇ ಎಂಬ ಮಾತು ಬಾಯಿಗೆ ಬರುವುದಿಲ್ಲ. ಇಡೀ ದಿನ ಅವನು ಚಿತ್ರಗಳ ಮುಂದೆ ನಿಂತಿರುತ್ತಾನೆ, ಬದುಕಿನ ಅತ್ಯಂತ ಸುಖದ ದಿನ. ಅದೇ ಹೊತ್ತಿಗೆ ಒಬ್ಬಳೇ ಟೆರಬಿಥಿಯಾಕ್ಕೆ ಹೊರಟ ಲೆಸ್ಲಿಯ ಕೈಯಲ್ಲಿ ಹಗ್ಗ ಹರಿಯುತ್ತದೆ; ಮಳೆಗೆ ಉಬ್ಬಿದ್ದ ತೊರೆಯಲ್ಲಿ ಅವಳು ಸಾಯುತ್ತಾಳೆ. ಸಿನಿಮಾ ಇದರಲ್ಲಿ ಒಂದು ತುಣುಕನ್ನೂ ತೋರಿಸುವುದಿಲ್ಲ. ಹಗ್ಗ ಹರಿಯುವ ಸದ್ದೂ ಇಲ್ಲ. ನಾವು ಲೆಸ್ಲಿಯನ್ನು ಕೊನೆಯ ಬಾರಿ ನೋಡಿದ್ದು ಹಿಂದಿನ ಸಂಜೆ, ಮಳೆಯಲ್ಲಿ ನಗುತ್ತ ಕೈಬೀಸಿ ಮನೆಗೆ ಓಡುವಾಗ. ಜೆಸ್ ಮನೆಗೆ ಬಂದಾಗ ಎಲ್ಲರೂ ಅಡುಗೆಮನೆಯಲ್ಲಿ ಮುಖ ಬಾಡಿಸಿಕೊಂಡು ಕೂತಿರುತ್ತಾರೆ. ಸುದ್ದಿ ಅವನ ಕಿವಿಗೆ ಬಿದ್ದ ಹಾಗೆಯೇ ನಮ್ಮ ಕಿವಿಗೂ ಬೀಳುತ್ತದೆ.

ಆನೆ ಗಾತ್ರದ ದೈತ್ಯೆಯನ್ನು ತೋರಿಸುವ ಶಕ್ತಿಯಿದ್ದ ಸಿನಿಮಾಗೆ ಒಂದು ಹಗ್ಗ ಹರಿಯುವುದನ್ನು ತೋರಿಸುವುದು ಏನು ಮಹಾ? ರಂಗದ ಮೇಲೆ ಸಾವು ಕಾಣಿಸಬಾರದು ಎಂಬ ನಾಟ್ಯಶಾಸ್ತ್ರದ ಕಟ್ಟಳೆ ಸಭಿಕರಿಗೆ ಗೊತ್ತಿರುವುದೇ. ಭಾಸ ‘ಊರುಭಂಗ’ದಲ್ಲಿ ಅದನ್ನು ಮೀರಿ ದುರ್ಯೋಧನನನ್ನು ನಮ್ಮ ಕಣ್ಣೆದುರಿಗೇ ಸಾಯಿಸಿದ್ದೂ ಗೊತ್ತಿರುವುದೇ. ಇಲ್ಲಿನ ಕಾರಣ ಆ ಔಚಿತ್ಯವಲ್ಲ. ಜೆಸ್ ಅಲ್ಲಿರಲಿಲ್ಲ, ಅಷ್ಟೇ. ಅವನು ಕಂಡದ್ದೆಲ್ಲ, ಕಲ್ಪಿಸಿದ್ದೂ ಸೇರಿ, ತೆರೆಯ ಮೇಲೆ ಬರಬಹುದು. ಅವನು ಕಾಣದೆ ಹೋದದ್ದು ಬರಕೂಡದು. ಇಲ್ಲದ ದೈತ್ಯೆ ಕಾಣುತ್ತಾಳೆ, ನಿಜಕ್ಕೂ ನಡೆದ ಸಾವು ಕಾಣುವುದಿಲ್ಲ. ತಾನು ಅಲ್ಲಿರಲಿಲ್ಲ, ಕರೆಯಬಹುದಿತ್ತು, ಕರೆಯಲಿಲ್ಲ ಎಂಬ ಸಂಕಟ ಆ ಹುಡುಗನ ಎದೆಯಲ್ಲಿ ಹೇಗೆ ಖಾಲಿಯಾಗಿ ಉಳಿಯಿತೋ ಹಾಗೆಯೇ ತೆರೆಯ ಮೇಲೂ ಆ ಜಾಗ ಖಾಲಿ. ಈ ಉಪನ್ಯಾಸಕನಿಗೆ ಸಿನಿಮಾದ ಅತಿ ದೊಡ್ಡ ಸಾಧನೆ ಎನಿಸಿರುವುದು ಅದೇ.

ಇಲ್ಲಿ ಒಬ್ಬ ಮೇಷ್ಟ್ರ ನೆನಪು ಬರುತ್ತದೆ. ಈ ಉಪನ್ಯಾಸಕ ಓದಿದ ಕನ್ನಡ ಶಾಲೆಯಲ್ಲಿ ಅವರು ಗೋವಿನ ಹಾಡು ಪಾಠ ಮಾಡುವ ದಿನ ಮೊದಲು ಹೇಳುತ್ತಿದ್ದ ಮಾತು, “ಪುಸ್ತಕ ಮುಚ್ರೋ.” ಪುಸ್ತಕದಲ್ಲಿ ಹುಲಿಯ ಚಿತ್ರವಿತ್ತು; ಅದು ಮಕ್ಕಳ ಕಣ್ಣಿಗೆ ಬೀಳುವುದು ಅವರಿಗೆ ಬೇಡವಾಗಿತ್ತು. ಹುಲಿ ಎಲ್ಲಿಂದ ಬಂತು ಎಂದು ಒಬ್ಬೊಬ್ಬರನ್ನೇ ಕೇಳುವರು. ಒಬ್ಬ ಬಿದಿರುಮೆಳೆ ಎನ್ನುವನು, ಇನ್ನೊಬ್ಬಳು ಸ್ಮಶಾನದ ದಾರಿ ಎನ್ನುವಳು. ಎಲ್ಲವನ್ನೂ ತಲೆಯಾಡಿಸಿ ಒಪ್ಪುವರು. ಹಾಡು ಮುಗಿದು ಹುಲಿ ಪ್ರಾಣ ಬಿಟ್ಟ ಮೇಲೆ ಅರ್ಥ ವಿವರಿಸುತ್ತಿರಲಿಲ್ಲ. “ಹುಲಿ ಯಾಕೆ ಸಾಯ್ಬೇಕಿತ್ತು ಸಾರ್?” ಎಂದು ಒಬ್ಬ ಹುಡುಗ ಅಳುಮುಖದಲ್ಲಿ ಕೇಳಿದಾಗ, “ನಾಳೆ ನೀನೇ ಹೇಳು” ಎಂದರು. ಮರುದಿನ ಮರೆಯದೆ ಕೇಳಿದರು ಕೂಡ.

ಮಕ್ಕಳ ಕಥೆಯಲ್ಲಿ ಸಾವು ಇರಬಾರದು ಎನ್ನುವವರಿಗೆ ಗೋವಿನ ಹಾಡು ಕಲಿತ ನಾಡಿನವರು ಹೆಚ್ಚು ಹೇಳಬೇಕಾದ್ದಿಲ್ಲ. ಅಮೆರಿಕದಲ್ಲಿ ಮಾತ್ರ ಈ ವಾದ ಬಹಳ ದಿನ ನಡೆಯಿತು. 1990ರ ದಶಕದಲ್ಲಿ ಶಾಲೆ ಮತ್ತು ಗ್ರಂಥಾಲಯಗಳಿಂದ ತೆಗೆಸಿ ಎಂದು ಹೆಚ್ಚು ಒತ್ತಾಯ ಬಂದ ಪುಸ್ತಕಗಳ ಪಟ್ಟಿಯಲ್ಲಿ ಅಲ್ಲಿನ ಗ್ರಂಥಾಲಯ ಸಂಘ ಈ ಕಾದಂಬರಿಯನ್ನು ಮೇಲಿನ ಸಾಲಿನಲ್ಲೇ ದಾಖಲಿಸಿದೆ. ಆದರೆ ಈ ಸಾವು ಓದುಗರನ್ನು ಅಳಿಸಲೆಂದು ಹೆಣೆದದ್ದಲ್ಲ. 1974ರ ಬೇಸಿಗೆಯಲ್ಲಿ ಎಂಟು ವರ್ಷದ ಡೇವಿಡ್‌ನ ಆಪ್ತ ಗೆಳತಿ, ಅವನದೇ ವಯಸ್ಸಿನ ಲೀಸಾ, ಸಮುದ್ರತೀರದಲ್ಲಿ ಸಿಡಿಲು ಬಡಿದು ತೀರಿಕೊಂಡಳು. ಯಾರನ್ನು ದೂರಬೇಕು? ಮಗನ ಆ ದುಃಖಕ್ಕೆ ಅರ್ಥ ಹುಡುಕಲು ತಾಯಿ ಬರೆಯಲು ಕೂತರು. ಅದೇ ವರ್ಷ ಅವರಿಗೆ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆಯೂ ಆಗಿತ್ತು.

ಬರವಣಿಗೆ ಲೆಸ್ಲಿ ಸಾಯಬೇಕಾದ ಅಧ್ಯಾಯದ ಹೊಸ್ತಿಲಲ್ಲಿ ನಿಂತುಹೋಯಿತು. ಬೇರೆ ಕೆಲಸ ಹಚ್ಚಿಕೊಂಡು ದಿನ ದೂಡಿದರು. ಪುಸ್ತಕ ಎಲ್ಲಿಗೆ ಬಂತು ಎಂದು ಗೆಳತಿಯೊಬ್ಬರು ವಿಚಾರಿಸಿದಾಗ, ಲೀಸಾಳ ಸಾವನ್ನು ಮತ್ತೆ ಎದುರಿಸಲಾಗುತ್ತಿಲ್ಲ ಎಂದರು. ನೀನು ಎದುರಿಸಲಾಗದೆ ಇರುವುದು ಲೀಸಾಳ ಸಾವನ್ನಲ್ಲ, ನಿನ್ನದನ್ನೇ ಎಂದು ಆ ಗೆಳತಿ ಹೇಳಿಬಿಟ್ಟರಂತೆ. ಪ್ಯಾಟರ್ಸನ್ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಆ ಅಧ್ಯಾಯ ಬರೆದರು. ಪುಸ್ತಕವನ್ನು ಮಗನಿಗೆ ಅರ್ಪಿಸಿದ್ದರು. ಓದಿದ ಮಗ, ಲೀಸಾಳ ಹೆಸರನ್ನೂ ಸೇರಿಸು ಅಂದ. ಸೇರಿಸಿದರು.

ಆ ಮಗನೇ ದೊಡ್ಡವನಾಗಿ ಚಿತ್ರಕಥೆ ಹಿಡಿದುಕೊಂಡು ನಿರ್ಮಾಪಕರ ಬಾಗಿಲಿಗೆ ಅಲೆದ. ಹುಡುಗಿ ಸಾಯದೆ ಹಾಗೇ ಪ್ರಜ್ಞೆ ತಪ್ಪಿ ಮಲಗಿದರೆ ಸಾಲದೇ ಎಂದು ಕೇಳಿದವರೂ ಇದ್ದರು. ಅವನು ಒಪ್ಪಲಿಲ್ಲ. ಸಿನಿಮಾ ತೆರೆ ಕಂಡು ಹದಿಮೂರು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಸಾವಿನ ನಂತರದ ಒಂದು ದೃಶ್ಯ ಇಲ್ಲಿ ಹೇಳಲೇಬೇಕು. ಜೆಸ್ ಕಾಡಿನಲ್ಲಿ ಲೆಸ್ಲಿಯ ಹೆಸರು ಕೂಗುತ್ತ ಓಡುತ್ತಾನೆ. ಅವರಿಬ್ಬರೂ ಅಂಜುತ್ತಿದ್ದ ಕತ್ತಲೆಯ ಒಡೆಯ ಬೆನ್ನಟ್ಟಿ ಬರುತ್ತಾನೆ, ಹಿಡಿಯುತ್ತಾನೆ. ತಿರುಗಿ ನೋಡಿದರೆ ಅಪ್ಪ. ಮಗನಿಗೆ ಒಂದು ಮೆತ್ತನೆಯ ಮಾತು ಹೇಳದೆ ದುಡಿತದಲ್ಲೇ ಹೈರಾಣಾದ ಆ ಅಪ್ಪ ನೆಲದ ಮೇಲೆ ಕೂತು ಹುಡುಗನನ್ನು ತೊಡೆಗೆಳೆದುಕೊಳ್ಳುತ್ತಾನೆ. ಪಾತ್ರ ಮಾಡಿದವನು ರಾಬರ್ಟ್ ಪ್ಯಾಟ್ರಿಕ್. 1991ರ ‘ಟರ್ಮಿನೇಟರ್ 2’ರಲ್ಲಿ ಕರಗಿ ಹರಿಯುವ ಲೋಹದ ಮನುಷ್ಯನಾಗಿ, ಕಂಪ್ಯೂಟರ್ ಚಿತ್ರ ಏನು ಮಾಡಬಲ್ಲದು ಎಂದು ಜಗತ್ತನ್ನು ಬೆರಗುಗೊಳಿಸಿದ ಅದೇ ಮುಖ. ಇಲ್ಲಿ ಆ ಮುಖದ ಮೇಲೆ ಯಾವ ತಂತ್ರವೂ ಇಲ್ಲ. ಭೂತ ಹೋಗಿ ಅಪ್ಪ ಉಳಿಯುವ ಆ ಗಳಿಗೆಯಲ್ಲಿ ಸಿನಿಮಾ ಮುಗಿದಿದ್ದರೆ ಈ ಉಪನ್ಯಾಸಕ್ಕೆ ಹೆಚ್ಚು ತೊಡಕಿರುತ್ತಿರಲಿಲ್ಲ.

ಅದು ಅಲ್ಲಿಗೆ ಮುಗಿಯುವುದಿಲ್ಲ. ಜೆಸ್ ಹಲಗೆ ಜೋಡಿಸಿ ತೊರೆಗೆ ಸೇತುವೆ ಕಟ್ಟುತ್ತಾನೆ, ತಂಗಿ ಮೇ ಬೆಲ್‌ಳ ಕೈಹಿಡಿದು ದಾಟಿಸುತ್ತಾನೆ. ಕಾದಂಬರಿ ಅವಳ ಕಿವಿಯಲ್ಲಿ ಹೇಳುವ ಗುಟ್ಟಿನ ಮಾತಿನಲ್ಲೇ ಮುಗಿಯುತ್ತದೆ. ಅವಳಿಗೆ ಏನು ಕಂಡಿತು ಎಂಬುದು ಅವಳಿಗೇ ಬಿಟ್ಟದ್ದು. ಸಿನಿಮಾದಲ್ಲಿ ಇಡೀ ಟೆರಬಿಥಿಯಾ ಒಮ್ಮೆಗೇ ತೆರೆದುಕೊಳ್ಳುತ್ತದೆ: ಪ್ರಜೆಗಳು, ದೈತ್ಯೆ, ವೈಭವ. ಅದುವರೆಗೆ ತೆರೆಯ ಮೇಲೆ ಬಂದದ್ದೆಲ್ಲ ಜೆಸ್ ಕಂಡದ್ದು ಎಂದು ವಾದಿಸಿದ್ದಾಯಿತು. ಇದು ಯಾರು ಕಂಡದ್ದು? ಲೆಸ್ಲಿಯ ಮಾತಿನಿಂದ ಜೆಸ್‌ಗೆ ಕಣ್ಣು ಬರಲು ಒಂದು ಗೆಳೆತನವೇ ಬೇಕಾಯಿತು; ಈ ಪುಟ್ಟ ಹುಡುಗಿಗೆ ಸೇತುವೆ ದಾಟಿದೊಡನೆ ಎಲ್ಲವೂ ಸಿದ್ಧವಾಗಿ ಸಿಗಬೇಕೇ? ಪುಸ್ತಕ ಮುಚ್ಚಿಸುತ್ತಿದ್ದ ಆ ಮೇಷ್ಟ್ರು ಇದ್ದಿದ್ದರೆ ಈ ಕಡೆಯ ದೃಶ್ಯಕ್ಕೆ ಕಣ್ಣು ಮುಚ್ಚಿ ಎನ್ನುತ್ತಿದ್ದರೇನೋ. ಆದರೆ ಎಂಟನೇ ವಯಸ್ಸಿನಲ್ಲಿ ಗೆಳತಿಯನ್ನು ಕಳೆದುಕೊಂಡ ಮನುಷ್ಯನೇ ಬರೆದ ಚಿತ್ರಕಥೆಯಲ್ಲಿ, ಆ ರಾಜ್ಯವನ್ನು ಒಮ್ಮೆಯಾದರೂ ಕಣ್ತುಂಬ ನೋಡಬೇಕೆಂಬ ಆಸೆಯನ್ನು ಬೇಡವೆನ್ನಲು ನಾವು ಯಾರು?

ಜಾಹೀರಾತಿನ ವಿಷಯವೂ ಇತ್ಯರ್ಥವಾದಂತಿಲ್ಲ. ಅದು ಹೇಳಿದ್ದು ಸುಳ್ಳು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಸುಳ್ಳಿನಿಂದಾಗಿ ಸಾವಿರಾರು ಮಕ್ಕಳು, ಜೆಸ್ ಮ್ಯೂಸಿಯಂನಿಂದ ಮನೆಗೆ ಬಂದಂತೆ, ಏನೂ ತಿಳಿಯದೆ ಆ ಸುದ್ದಿಗೆ ಎದುರಾದರು. ಮಕ್ಕಳಿಗೆ ಈ ಸಿನಿಮಾ ತೋರಿಸುವ ದೊಡ್ಡವರು ಮೊದಲೇ ಹೇಳಬೇಕೇ, ಲೆಸ್ಲಿ ಸಾಯುತ್ತಾಳೆ ಎಂದು? ಹೇಳಿದರೆ ಏನು ಕಸಿದುಕೊಂಡಂತೆ, ಹೇಳದಿದ್ದರೆ ಏನು ಮೋಸ ಮಾಡಿದಂತೆ? ಸಭೆಯಲ್ಲಿ ಮಕ್ಕಳೊಂದಿಗೆ ಇದನ್ನು ನೋಡಿದವರಿದ್ದರೆ, ಅವರು ಏನು ಮಾಡಿದರು?