ಬೇನೆ ಮೆದುಳಲ್ಲಿ, ಅಪಾಯ ಜೊಲ್ಲಿನಲ್ಲಿ



ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ದುಡಿಯುವ ಬೀದರ್ ಕಡೆಯ ಕೇಳುಗರೊಬ್ಬರು ಫೋನ್ ಮಾಡಿದ್ದರು. ಗೇಟಿನ ಹತ್ತಿರ ಇವರು ದಿನಾ ಅನ್ನ ಹಾಕುತ್ತಿದ್ದ ನಾಯಿ ಮಂಕಾಗಿ ಮೂಲೆ ಸೇರಿತ್ತಂತೆ. ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಬಾಯಿಗೆ ಕೈ ಹಾಕಿ ನೋಡಿದ್ದಾರೆ. “ಕಚ್ಚಿಲ್ಲರೀ ಸರ್, ಬರೀ ಜೊಲ್ಲು ಹತ್ಯದ. ಸೂಜಿ ಬೇಕೇನ್ರಿ?” ಬೆರಳಿನಲ್ಲಿ ಮೆಷಿನ್ ತಗುಲಿದ ಹಸಿ ಗಾಯವಿತ್ತು. “ಇವತ್ತೇ ಆಸ್ಪತ್ರೆಗೆ ಹೋಗಿ” ಎಂದೆ.

ಹುಚ್ಚುನಾಯಿ ಎಂದರೆ ಅಟ್ಟಿಸಿಕೊಂಡು ಬರುವ ನಾಯಿ ಎಂದೇ ನಮ್ಮ ಕಲ್ಪನೆ. ರೇಬೀಸ್ ಮೆದುಳಿನ ಬೇನೆ. ವೈರಸ್ ನರಗಳ ಗುಂಟ ಮೆದುಳಿಗೇರಿ, ಅಲ್ಲಿಂದ ಜೊಲ್ಲಿಗೆ ಇಳಿಯುತ್ತದೆ. ಕೆಲವು ನಾಯಿ ಕೆರಳುತ್ತವೆ, ಕೆಲವಕ್ಕೆ ಲಕ್ವ ಹೊಡೆದು ನುಂಗಲೂ ಆಗುವುದಿಲ್ಲ. ದನ, ಎಮ್ಮೆಗಳಲ್ಲೂ ಹೀಗಾಗುತ್ತದೆ. ಏನೋ ಸಿಕ್ಕಿಕೊಂಡಿದೆ ಎಂದು ನಾವು ಕೈ ಹಾಕುವುದು ಆಗಲೇ.

ಹಾಗಾದರೆ ನಾಯಿಯನ್ನು ಪರೀಕ್ಷೆ ಮಾಡಿಸಿ ಆಮೇಲೆ ಸೂಜಿ ಹಾಕಿಸಿಕೊಳ್ಳಬಹುದಲ್ಲ? ಇಲ್ಲ. ಖಚಿತ ಪರೀಕ್ಷೆ ಆಗುವುದು ಸತ್ತ ಪ್ರಾಣಿಯ ಮೆದುಳಿನಲ್ಲಿ. ಇಟಲಿಯ ಅಡೆಲ್ಕಿ ನೆಗ್ರಿ 1903ರಲ್ಲಿ ಮೆದುಳಿನ ಕೋಶಗಳಲ್ಲಿ ಈ ರೋಗದ ಗುರುತನ್ನು ಕಂಡರು. ಈಗ ಮೆದುಳಿನ ತುಣುಕಿಗೆ ಹೊಳೆಯುವ ಬಣ್ಣ ಬೆರೆತ ಪ್ರತಿಕಾಯ ಹಾಕುತ್ತಾರೆ. ವೈರಸ್ ಇದ್ದರೆ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಮಿನುಗುತ್ತದೆ. ಬೀದರ್‌ನಲ್ಲಿ ಕೇಂದ್ರವಿರುವ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ ಇದಕ್ಕೆಂದೇ ಪ್ರಯೋಗಾಲಯವಿದೆ.

ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಅದು ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಹಳೆಯ ಲಸಿಕೆ. ಅದರಿಂದಲೇ ಕೆಲವರಿಗೆ ನರದ ತೊಂದರೆ ಆಗುತ್ತಿತ್ತು. ನಮ್ಮ ದೇಶದಲ್ಲಿ ಅದರ ತಯಾರಿಕೆ 2004ರಲ್ಲೇ ನಿಂತಿತು. ಈಗ ತೋಳಿಗೆ ನಾಲ್ಕೈದು ಸಲ ಅಷ್ಟೇ.

ಮಿತ್ರರೇ, ಇಷ್ಟು ನೆನಪಿಡಿ. ನಾಯಿ ಕಚ್ಚಿದರೆ, ಪರಚಿದರೆ, ಗಾಯಕ್ಕೆ ಅದರ ಜೊಲ್ಲು ತಗುಲಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಬೇಡ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯದ ಸುತ್ತ ಹಾಕುವ ಸೀರಂ ಬೇಕೇ ಎಂದು ಡಾಕ್ಟರರನ್ನು ಕೇಳಿ. ಹೇಳಿದ ದಿನಕ್ಕೆ ಎಲ್ಲ ಸೂಜಿ ಮುಗಿಸಿ. ರೋಗಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಸಾಕಿದ ನಾಯಿಗೆ ಮೂರು ತಿಂಗಳಿಗೆ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ತಪ್ಪದೆ ಮುಂದುವರಿಸಿ.

ಆ ನಾಯಿ ಮರುದಿನವೇ ಸತ್ತಿತು. ಯಾರೋ ಹೂತುಬಿಟ್ಟರು. ಅದಕ್ಕೆ ಏನಾಗಿತ್ತೆಂದು ಇನ್ನು ತಿಳಿಯುವಂತಿಲ್ಲ, ಅದು ಇನ್ಯಾರನ್ನು ನೆಕ್ಕಿತ್ತೋ ಅವರಿಗೂ ತಿಳಿಯುವಂತಿಲ್ಲ. ಇಂಥ ಸಾವು ಕಂಡರೆ ಮುಟ್ಟಬೇಡಿ, ಹೂಳುವ ಮುನ್ನ ಪಶು ಆಸ್ಪತ್ರೆಗೆ ತಿಳಿಸಿ.

ನಮ್ಮ ಕೇಳುಗರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಕೊನೆಯ ಸೂಜಿಯೂ ಆಯಿತಂತೆ. ಅವರು ಕೇಳಿದ ಹಾಡಿನೊಂದಿಗೆ ನಾಳೆ ಭೇಟಿಯಾಗೋಣ.