ಕಾಲುಚೀಲಕ್ಕೊಂದು ಮರದ ಗೂಟ



ಈ ಬಾರಿ ಬಂದ ಪತ್ರಗಳಲ್ಲಿ ತಿರುವೊಟ್ಟಿಯೂರಿನ ಒಬ್ಬ ತಾಯಿಯ ಪತ್ರವಿದೆ. ಅವರ ಮಗಳು ಎರಡನೇ ಕ್ಲಾಸು. ಪಕ್ಕದ ಮನೆಯವರು ಕ್ರೈಸ್ತರು, ಎರಡೂ ಮನೆಯ ಮಕ್ಕಳು ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ನವರಾತ್ರಿಗೆ ಆ ಮನೆಯ ಹುಡುಗ ಬಂದು ಇವರ ಗೊಂಬೆ ಜೋಡಿಸುತ್ತಾನೆ, ಡಿಸೆಂಬರಿನಲ್ಲಿ ಈ ಹುಡುಗಿ ಹೋಗಿ ಅವರ ಗೋದಲಿಗೆ ಹುಲ್ಲು ಹಾಸುತ್ತಾಳೆ. ಈಗ ಇಬ್ಬರಿಗೂ ಕೆಂಪು ಬಣ್ಣದ ದೊಡ್ಡ ಕಾಲುಚೀಲ ಬಂದಿದೆ. ಅದನ್ನು ನೇತುಹಾಕುವುದು ಎಲ್ಲಿ? ಫ್ರಿಜ್ಜಿಗೆ ಟೇಪು ಹಾಕಿ ಅಂಟಿಸಿದರೆ ಒಂದು ಕಿತ್ತಳೆ ಹಾಕುವಷ್ಟರಲ್ಲಿ ಬಿದ್ದುಹೋಯಿತಂತೆ. ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಇದೆ, ಕೈಗೆತ್ತಿಕೊಂಡರೆ ಒರಳುಕಲ್ಲಿನ ಗುಂಡಿನ ಹಾಗಿದೆ. "ಮನೆಯಲ್ಲೇ ಮರದಲ್ಲಿ ಮಾಡಿಕೊಳ್ಳಬಹುದೇ?" ಎಂದು ಕೇಳಿದ್ದಾರೆ.

ಮಾಡಿಕೊಳ್ಳಬಹುದು. ಆದರೆ ಮೊದಲು ಆ ಕಬ್ಬಿಣದ ಸ್ಟ್ಯಾಂಡು ಯಾಕೆ ಅಷ್ಟು ಭಾರ ಎಂಬುದನ್ನು ತಿಳಿದುಕೊಂಡರೆ ನಮ್ಮ ಕೆಲಸ ಅರ್ಧ ಮುಗಿದಂತೆ.

ಕಾಲುಚೀಲ ಕಟ್ಟುವ ಜಾಗವನ್ನು ಇಂಗ್ಲಿಷಿನಲ್ಲಿ ಮ್ಯಾಂಟೆಲ್ ಎನ್ನುತ್ತಾರೆ. ಚಳಿ ದೇಶಗಳ ಮನೆಯಲ್ಲಿ ಗೋಡೆಯೊಳಗೆ ಬೆಂಕಿಗೂಡು ಇರುತ್ತದೆ, ಅದರ ಮೇಲಿನ ಹಲಗೆ ಅದು. ಕನ್ನಡದಲ್ಲಿ ಬೆಂಕಿಗೂಡಿಗೆ ಅಗ್ಗಿಷ್ಟಿಕೆ ಎಂಬ ಚೆಂದದ ಮಾತಿದೆ. ಅಗ್ನಿಯ ನಂಟು ಕಿವಿಗೇ ಕೇಳಿಸುತ್ತದೆ. ಅದರ ಮೇಲಿನ ಹಲಗೆಗೆ ಮಾತ್ರ ಹೆಸರಿಲ್ಲ, ಯಾಕೆಂದರೆ ಆ ಹಲಗೆ ನಮಗೆ ಬೇಕಾಗಲಿಲ್ಲ. ಕೊಡಗು, ಚಿಕ್ಕಮಗಳೂರಿನ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ, ಕೋಲಾರ ಚಿನ್ನದ ಗಣಿಯಲ್ಲಿ ಇಂಗ್ಲಿಷ್ ಅಧಿಕಾರಿಗಳಿಗೆ ಕಟ್ಟಿಸಿದ ಮನೆಗಳಲ್ಲಿ ಅದನ್ನು ನೋಡಬಹುದು. ತಿರುವೊಟ್ಟಿಯೂರಿನಲ್ಲಿ ಡಿಸೆಂಬರ್ ರಾತ್ರಿಯೂ ಇಪ್ಪತ್ತು ಡಿಗ್ರಿಯ ಆಸುಪಾಸು. ಫ್ಯಾನಿನ ವೇಗ ಐದರಿಂದ ಮೂರಕ್ಕೆ ಇಳಿಸಿದರೆ ಅದೇ ನಮ್ಮ ಚಳಿಗಾಲ.

ಕಾಲುಚೀಲದ ಕಥೆಯೂ ಬೆಂಕಿಯ ಪಕ್ಕದ್ದೇ. ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿ ದೇಶದಲ್ಲಿರುವ ಮೈರಾ ಎಂಬ ಊರಿನ ಬಿಷಪ್ ಆಗಿದ್ದ ಸಂತ ನಿಕೊಲಾಸರ ಬಗ್ಗೆ ಹೇಳುವ ಕಥೆ ಅದು. ಒಬ್ಬ ಬಡ ತಂದೆಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ದುಡ್ಡಿಲ್ಲ, ಮದುವೆಯಿಲ್ಲ. ಸಂತರು ರಾತ್ರಿ ಹೊತ್ತು, ಯಾರಿಗೂ ಕಾಣದಂತೆ, ಕಿಟಕಿಯಿಂದ ಚಿನ್ನದ ಗಂಟು ಎಸೆದರಂತೆ. ಆಮೇಲೆ ಹೇಳಿದವರ ಬಾಯಲ್ಲಿ ಆ ಗಂಟು ಬೆಂಕಿಯ ಬಳಿ ಒಣಹಾಕಿದ್ದ ಕಾಲುಚೀಲದೊಳಕ್ಕೇ ಬಿತ್ತು. 1823ರ ಡಿಸೆಂಬರ್ 23ರಂದು ಅಮೆರಿಕದ ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಅಚ್ಚಾದ ಒಂದು ಮಕ್ಕಳ ಪದ್ಯ ಈ ಕಾಲುಚೀಲವನ್ನು ಬಹಳ ಮನೆಗಳಿಗೆ ಮುಟ್ಟಿಸಿತು. ವರದಕ್ಷಿಣೆಯ ಕಥೆ ಎಂದಮೇಲೆ ನಮಗೇನು ಅದು ಪರದೇಶದ್ದು ಅನ್ನಿಸುವುದಿಲ್ಲ, ಬಿಡಿ.

ಇನ್ನು ಭಾರದ ವಿಷಯ. ಅಂಗಡಿಯ ಸ್ಟ್ಯಾಂಡ್ ಹಲಗೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಅದರ ಕೊಕ್ಕೆ ಹಲಗೆಯ ಅಂಚು ದಾಟಿ ಮುಂದಕ್ಕೆ ಚಾಚಿರುತ್ತದೆ. ಚೀಲ ಕೆಳಕ್ಕೆ ಎಳೆಯುತ್ತದೆ, ಸ್ಟ್ಯಾಂಡು ತನ್ನ ತೂಕದಿಂದಲೇ ತಡೆಯಬೇಕು. ಮಕ್ಕಳ ಏತದ ಆಟವೇ ಇದು. ಎರಡು ಕಿತ್ತಳೆ, ಒಂದಿಷ್ಟು ಚಾಕಲೇಟು, ಒಂದು ಆಟದ ಕಾರು ಸೇರಿದರೆ ಚೀಲ ಒಂದು ಕಿಲೋ ತೂಗಬಹುದು. ಕೊಕ್ಕೆ ಅಂಚಿನಿಂದ ಎರಡು ಇಂಚು ಮುಂದಿದ್ದು, ಸ್ಟ್ಯಾಂಡಿನ ತಳ ಆರು ಇಂಚು ಉದ್ದವಿದ್ದರೆ, ಆ ಚೀಲವನ್ನು ಹಿಡಿದಿಡಲು ಮುಕ್ಕಾಲು ಕಿಲೋ ಸಾಕು. ಆದರೆ ಒಳಗೇನಿದೆ ನೋಡೋಣ ಎಂದು ಮಗು ಚೀಲ ಹಿಡಿದು ಜಗ್ಗಿತು ಅನ್ನಿ. ಮೂರು ಕಿಲೋದಷ್ಟು ಎಳೆತ ಸೇರಿದರೂ ಸ್ಟ್ಯಾಂಡು ಎರಡೂವರೆ ಕಿಲೋಗಿಂತ ಹೆಚ್ಚು ತೂಗಬೇಕಾಗುತ್ತದೆ. ಇನ್ನೂ ಸ್ವಲ್ಪ ಜೋರಾಗಿ ಜಗ್ಗಿದರೆ ಅಷ್ಟೂ ಕಬ್ಬಿಣ ಬೀಳುವುದು ಎಲ್ಲಿಗೆ? ಕೆಳಗೆ ಮುಖ ಮೇಲೆತ್ತಿ ನಿಂತ ಮಗುವಿನ ಹಣೆಗೆ. ಭಾರ ಹೆಚ್ಚಿಸುತ್ತಾ ಹೋಗುವುದು ಈ ಕೆಲಸಕ್ಕೆ ದಾರಿಯೇ ಅಲ್ಲ ಎಂದು ನನ್ನ ಮತ. ಗೂಟ ಹಗುರವಾಗಿರಲಿ, ಹಿಡಿತ ಬಿಗಿಯಾಗಿರಲಿ.

ಹಿಡಿಯುವುದಕ್ಕೆ ನಮ್ಮ ಮನೆಗಳಲ್ಲಿ ಏನಿದೆ? ಚೆನ್ನೈಯ ಬಹಳಷ್ಟು ಮನೆಗಳ ಗೋಡೆಯಲ್ಲಿ ಕಡಪಾ ಕಲ್ಲಿನ ಶೆಲ್ಫ್ ಇದ್ದೇ ಇದೆ. ಪುಸ್ತಕ, ದೇವರ ಪಟ, ಔಷಧಿ ಡಬ್ಬ, ಕರೆಂಟ್ ಬಿಲ್ಲು ಎಲ್ಲವನ್ನೂ ಹೊತ್ತ ಆ ಕಪ್ಪು ಕಲ್ಲೇ ನಮ್ಮ ಮ್ಯಾಂಟೆಲ್. ಗೋಡೆಯೊಳಗೆ ಹುಗಿದಿರುವುದರಿಂದ ಮಗು ಜೋತುಬಿದ್ದರೂ ಅಲ್ಲಾಡದು. ಬಾಡಿಗೆ ಮನೆಯಾದರೆ ಗೋಡೆಗೆ ತೂತು ಕೊರೆದು ಓನರ್ ಹತ್ತಿರ ಮಾತು ಕೇಳುವುದೂ ಬೇಡ. ಗೋಡೆಗೆ ಬಿಗಿಯದೆ ಸುಮ್ಮನೆ ನಿಲ್ಲಿಸಿದ ಪುಸ್ತಕದ ರ‍್ಯಾಕಿಗೆ, ಟೀವಿ ಸ್ಟ್ಯಾಂಡಿಗೆ, ಗಾಜಿನ ಹಲಗೆಗೆ ಮಾತ್ರ ಯಾವ ಕಾರಣಕ್ಕೂ ಕಾಲುಚೀಲ ಕಟ್ಟಬೇಡಿ. ಅಲ್ಲಿ ಬೀಳುವುದು ಗೂಟವಲ್ಲ, ರ‍್ಯಾಕೇ ಬೀಳುತ್ತದೆ.

ಈ ಕಲ್ಲಿನ ಅಂಚನ್ನು ಮೇಲಿನಿಂದಲೂ ಕೆಳಗಿನಿಂದಲೂ ಕಚ್ಚುವ ಒಂದು ಮರದ ದವಡೆ ನಮಗೆ ಬೇಕು. ಇಂಗ್ಲಿಷಿನ 'ಸಿ' ಅಕ್ಷರವನ್ನು ನೆನೆಸಿಕೊಳ್ಳಿ. ಮೇಲಿನ ತೋಳು ಎರಡು ಇಂಚು, ಕೆಳಗಿನ ತೋಳು ನಾಲ್ಕು ಇಂಚು. ಚೀಲದ ಭಾರ ಮುಂಭಾಗವನ್ನು ಕೆಳಕ್ಕೆ ಎಳೆದಾಗ ಕೆಳತೋಳಿನ ತುದಿ ಮೇಲೆದ್ದು ಕಲ್ಲಿನ ತಳಕ್ಕೆ ಒತ್ತುತ್ತದೆ. ಚೀಲ ಅಂಚಿನಿಂದ ಎರಡು ಇಂಚು ಮುಂದೆ ತೂಗುತ್ತಿದ್ದರೆ, ಒಂದು ಕಿಲೋ ಭಾರಕ್ಕೆ ಆ ತುದಿಯಲ್ಲಿ ಬೀಳುವ ಒತ್ತಡ ಅರ್ಧ ಕಿಲೋ ಅಷ್ಟೇ. ಕೆಳಕ್ಕೆ ಜಗ್ಗಿದಷ್ಟೂ ದವಡೆ ಬಿಗಿಯುತ್ತದೆ. ನೇರ ಮುಂದಕ್ಕೆ ಎಳೆದರೆ ಜಾರಬಹುದು. ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ಎರಡು ತುಂಡು ಕತ್ತರಿಸಿ ದವಡೆಯ ಒಳಗೆ ಮೇಲೊಂದು ಕೆಳಗೊಂದು ಅಂಟಿಸಿ. ಆಗಲೂ ಜಾರಿದರೆ ಬೀಳುವುದು ಅಂಗೈಯಷ್ಟು ಹಗುರ ಮರ.

ಈ ದವಡೆಯನ್ನು ಒಂದೇ ಹಲಗೆಯಿಂದ ಕತ್ತರಿಸಬಹುದಲ್ಲ ಅನ್ನಿಸುತ್ತದೆ. ಮರಕ್ಕೆ ಎಳೆ ಇದೆ ಎಂಬುದನ್ನು ಮರೆಯಬಾರದು. ಎಳೆಯ ಉದ್ದಕ್ಕೆ ಮರ ಗಟ್ಟಿ, ಅಡ್ಡಕ್ಕೆ ಚಕ್ಕುಲಿಯ ಹಾಗೆ ಪಟ್ಟೆಂದು ಮುರಿಯುತ್ತದೆ. ದವಡೆಯ ತೋಳುಗಳಿಗೆ ಎಳೆ ಉದ್ದವಾದರೆ ಬೆನ್ನಿಗೆ ಅಡ್ಡವಾಗುತ್ತದೆ, ಬೆನ್ನಿಗೆ ಉದ್ದವಾದರೆ ತೋಳುಗಳಿಗೆ ಅಡ್ಡ. ಆದ್ದರಿಂದ ದವಡೆಗೆ ಪ್ಲೈವುಡ್ಡೇ ಸರಿ. ಅದರ ಪದರಗಳನ್ನು ಒಂದಕ್ಕೊಂದು ಅಡ್ಡ ಎಳೆಯಾಗಿ ಕೂಡಿಸಿರುವುದರಿಂದ ಎರಡೂ ದಿಕ್ಕಿಗೆ ಬಲವಿರುತ್ತದೆ. ಹನ್ನೆರಡು ಮಿಲಿಮೀಟರಿನ ತುಂಡು ತಂದು, ಒಂದೇ ಅಳತೆಯ ಎರಡು ದವಡೆ ಕತ್ತರಿಸಿ, ಫೆವಿಕಾಲ್ ಹಾಕಿ ಒಂದರ ಮೇಲೊಂದು ಅಂಟಿಸಿ. ಬೆನ್ನು ಒಂದೂವರೆ ಇಂಚು ಅಗಲ, ತೋಳು ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು. ಬಾಯಿಯ ಅಳತೆ ನಿಮ್ಮ ಕಲ್ಲಿನ ದಪ್ಪ, ಜೊತೆಗೆ ಟ್ಯೂಬಿನ ತುಂಡುಗಳ ದಪ್ಪ. ಕಲ್ಲನ್ನು ಒಂದೇ ಕಡೆ ಅಳೆಯಬೇಡಿ. ಕಡಪಾ ಕಲ್ಲು ಒಂದು ತುದಿಯಲ್ಲಿದ್ದಷ್ಟೇ ದಪ್ಪ ಇನ್ನೊಂದು ತುದಿಯಲ್ಲಿ ಇರಬೇಕೆಂದಿಲ್ಲ. ಎಲ್ಲಿ ಹಾಕುತ್ತೀರೋ ಅಲ್ಲೇ ಅಳೆಯಿರಿ.

ತಿರುವೊಟ್ಟಿಯೂರಿನವರಿಗೆ ಎಂದೇ ಒಂದು ಮಾತು. ನಿಮ್ಮದು ಸಮುದ್ರದ ಬಾಯಿ. ಉಪ್ಪುಗಾಳಿಗೆ ಕಿಟಕಿಯ ಸರಳೇ ತುಕ್ಕು ಹಿಡಿಯುವಲ್ಲಿ ಕಬ್ಬಿಣದ ಮೊಳೆ ಎಷ್ಟು ದಿನ? ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಕೇಳಿ ತನ್ನಿ. ಪ್ಲೈವುಡ್ ಕೊಳ್ಳುವಾಗ ಐಎಸ್ 710 ಮುದ್ರೆ ಇರುವುದನ್ನು ನೋಡಿ, ಅದು ನೀರಿಗೆ ತಡೆಯುವ ಜಾತಿ. ಅಷ್ಟು ಸಣ್ಣ ತುಂಡು ಯಾರೂ ಮಾರುವುದಿಲ್ಲ. ಬಡಗಿ ಕೆಲಸ ನಡೆಯುತ್ತಿರುವ ಮನೆಯಲ್ಲಿ ಮರ್ಯಾದೆಯಿಂದ ಕೇಳಿದರೆ ಮಿಕ್ಕ ಚೂರನ್ನು ಸುಮ್ಮನೆ ಕೊಡುತ್ತಾರೆ.

ಮುಂದಿನ ಮುಖಫಲಕಕ್ಕೆ ಮಾತ್ರ ನಿಜವಾದ ಮರ ಚೆಂದ. ನಿಮ್ಮ ಊರಿಗೂ ಮರಕ್ಕೂ ಹಳೆಯ ನಂಟಿದೆ. 2021ರ ಫೆಬ್ರವರಿಯಿಂದ ಮೆಟ್ರೋ ರೈಲಿನಲ್ಲಿ ಕೂಗಿ ಹೇಳುವ ವಿಮ್ಕೊ ನಗರ್ ಎಂಬ ಹೆಸರು ಬಂದದ್ದು ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿಯಿಂದ, ಅಂದರೆ ಬೆಂಕಿಕಡ್ಡಿಯಿಂದ. ಈಗ ಎನ್ನೂರು ರಸ್ತೆಯಲ್ಲಿ ಓಡುವುದು ಕಂಟೇನರ್ ಲಾರಿಗಳು. ಅವುಗಳಲ್ಲಿ ಬಂದ ಪೆಟ್ಟಿಗೆ, ಪ್ಯಾಲೆಟ್ಟುಗಳ ಪೈನ್ ಹಲಗೆ ಹಳೆ ಮರದ ಅಂಗಡಿಗೆ ಸೇರುತ್ತದೆ. ಹಗುರ, ಕೊಯ್ಯಲು ಸುಲಭ, ಅಗ್ಗ. ತರುವ ಮುನ್ನ ಹಲಗೆಯ ಮೇಲೆ ಸುಟ್ಟೊತ್ತಿದ ಮುದ್ರೆ ಹುಡುಕಿ. ಒಂದು ತೆನೆಯ ಚಿತ್ರ, ದೇಶದ ಎರಡಕ್ಷರ, ಅದರ ಜೊತೆಗೆ 'ಎಚ್‌ಟಿ' ಎಂದಿದ್ದರೆ ಹುಳ ಸಾಯಲೆಂದು ಮರವನ್ನು ಒಳತನಕ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ್ದಾರೆ ಎಂದರ್ಥ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟ ಮರ, ಮಕ್ಕಳ ವಸ್ತುವಿಗೆ ಬೇಡ. ಮುದ್ರೆಯೇ ಇಲ್ಲದ, ಎಣ್ಣೆಯೋ ರಾಸಾಯನಿಕವೋ ಚೆಲ್ಲಿ ಕಲೆಯಾದ ಹಲಗೆಯೂ ಬೇಡ.

ಊರಿಗೆ ಹೋಗಿ ಬರುವವರಿದ್ದರೆ ಚನ್ನಪಟ್ಟಣದಲ್ಲಿ ಇಳಿದು ಹಾಲೆ ಮರದ ತುಂಡು ಸಿಗುತ್ತದೆಯೇ ಕೇಳಿ. ಅಲ್ಲಿನ ಬೊಂಬೆಗಳ ಮರ ಅದು, ಬೆಳ್ಳಗೆ, ನುಣುಪು. ಇಲ್ಲಿ ಸಿದ್ಧ ವೈದ್ಯದಲ್ಲಿ ಚರ್ಮಕ್ಕೆ ಹಚ್ಚುವ ವೆಟ್ಪಾಲೈ ಎಣ್ಣೆಯ ಎಲೆ ಬರುವುದೂ ಅದೇ ಮರದಿಂದ.

ಮುಖಫಲಕವನ್ನು ಮೂರು ನಾಲ್ಕು ಇಂಚಿನ ನಕ್ಷತ್ರವಾಗಿ ಕೊಯ್ಯಬಹುದು. ದವಡೆಯ ಬೆನ್ನಿಗೆ ಅಂಟಿಸಿ ಎರಡು ಸ್ಕ್ರೂ ಬಿಗಿಯಿರಿ. ಅದರ ನಡುವೆ, ಬೆನ್ನಿನ ಒಳಗೂ ಹೋಗುವಂತೆ, ಪೆನ್ಸಿಲಿಗಿಂತ ಸ್ವಲ್ಪ ದಪ್ಪದ ತೂತು ಕೊರೆದು ಒಂದು ಮರದ ಗೂಟ ಕೂರಿಸಿ. ತುದಿ ಸ್ವಲ್ಪ ಮೇಲಕ್ಕೆ ಎದ್ದಿರಲಿ, ಹಳ್ಳಿಮನೆಯ ಗೋಡೆಯಲ್ಲಿ ಅಂಗಿ ನೇತುಹಾಕುವ ಗೂಟದ ಹಾಗೆ. ಚೂಪು ಬೇಡ, ಉಜ್ಜಿ ಗುಂಡಗೆ ಮಾಡಿ. ಉಜ್ಜಲು ಬೇಕಾದ ಸ್ಯಾಂಡ್ ಪೇಪರಿಗೆ ಇಲ್ಲಿಯ ಅಂಗಡಿಯಲ್ಲಿ ಉಪ್ಪುತ್ತಾಳ್ ಎಂದರೆ ಬೇಗ ತೆಗೆದುಕೊಡುತ್ತಾರೆ.

ಬಣ್ಣದ ಬಗ್ಗೆ ಎಚ್ಚರ. ಅಟ್ಟದ ಮೇಲೆ ಹತ್ತು ಹದಿನೈದು ವರ್ಷದಿಂದ ಕೂತಿರುವ ಎನಾಮೆಲ್ ಡಬ್ಬಿಯನ್ನು ಮುಗಿಸಲು ಇದು ಸಮಯವಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ ತೊಂಬತ್ತು ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ ಹೇಳಲಾಗದು, ಮಕ್ಕಳೋ ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವವರು. ಹಳೆಯ ಬಾಗಿಲಿನ ಬಣ್ಣ ಬಳಿದ ತುಂಡನ್ನು ಮನೆಯೊಳಗೆ ಕೂತು ಉಜ್ಜುವುದೂ ಬೇಡ, ಆ ಧೂಳು ಒಳ್ಳೆಯದಲ್ಲ. ನೀರಿನಲ್ಲಿ ಕಲಸುವ ಹೊಸ ಬಣ್ಣದ ಒಂದು ಸಣ್ಣ ಡಬ್ಬಿ ಸಾಕು. ಏನೂ ಬಳಿಯದೆ ಬರಿಯ ಮರವಾಗಿಯೇ ಬಿಟ್ಟರೆ ನನಗಂತೂ ಇನ್ನೂ ಇಷ್ಟ.

ನಕ್ಷತ್ರ ಬೇಡ ಎನ್ನುವವರು ಮಗುವಿನ ಹೆಸರಿನ ಮೊದಲ ಅಕ್ಷರ ಮಾಡಿ. ಕನ್ನಡದ ಅಕ್ಷರ ಅಂತ ಬೇರೆ ಹೇಳಬೇಕೇ? ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಬಸ್ಸಿನ ಬೋರ್ಡನ್ನು ತಮಿಳಿನಲ್ಲಿ ಓದುತ್ತಾರೆ, ಪಾಠವನ್ನು ಇಂಗ್ಲಿಷಿನಲ್ಲಿ ಓದುತ್ತಾರೆ, ಕನ್ನಡವನ್ನು ಕೇಳಿ ಮಾತ್ರ ಬಲ್ಲರು. ತನ್ನ ಚೀಲ ಯಾವುದು, ಪಕ್ಕದ ಮನೆಯ ಗೆಳೆಯನದು ಯಾವುದು ಎಂದು ಗುರುತಿಸುವ ನೆಪದಲ್ಲಿ ಎರಡಕ್ಷರ ಕಣ್ಣಿಗೆ ಬೀಳಲಿ. ಗೆಳೆಯನ ಹೆಸರನ್ನೂ ಕನ್ನಡದಲ್ಲೇ ಕೊಯ್ಯಿರಿ, ಅವನಿಗೂ ತಮಾಷೆ. ಗರಗಸ ಹಿಡಿದವರಿಗೆ ಮಾತ್ರ ನಮ್ಮ ಲಿಪಿ ಸ್ವಲ್ಪ ಕಷ್ಟ, ಎಲ್ಲ ದುಂಡು ದುಂಡು. 'ಗ' ಬಂದರೆ ಅದೃಷ್ಟ, ಕಮಾನು ಕೊಯ್ದ ಹಾಗೆ. 'ಅ' ಬಂದರೆ ಒಳಗಿನ ಜಾಗಕ್ಕೆ ಮೊದಲು ತೂತು ಕೊರೆದು, ಸಣ್ಣ ಅಲಗಿನ ಗರಗಸವನ್ನು ಅದರೊಳಗೆ ತೂರಿಸಿ ಸುತ್ತ ಕೊಯ್ಯಬೇಕು. 'ಶ್ರೀ' ಎಂದು ಶುರುವಾಗುವ ಹೆಸರಿಟ್ಟವರು ದಯವಿಟ್ಟು ಚೌಕದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದುಬಿಡಿ.

ಅಂಟು ಪೂರ್ತಿ ಹಿಡಿಯಲು ಒಂದು ಇಡೀ ದಿನ ಬಿಡಬೇಕು. ಬಣ್ಣಕ್ಕೆ ಎರಡು ಕೈ, ಒಂದೊಂದಕ್ಕೆ ಒಂದು ದಿನ. ಈಶಾನ್ಯ ಮಾರುತದ ತೇವ ಇನ್ನೂ ಗಾಳಿಯಲ್ಲಿದ್ದರೆ ಅದಕ್ಕೂ ಹೆಚ್ಚು. 2023ರಲ್ಲಿ ಮಿಚಾಂಗ್ ಚಂಡಮಾರುತ ಬಂದದ್ದು ಡಿಸೆಂಬರಿನ ಮೊದಲ ವಾರದಲ್ಲೇ ಎಂಬುದು ನಿಮಗೆ ನೆನಪಿರುತ್ತದೆ. ಮರದ ತುಂಡುಗಳನ್ನು ನವೆಂಬರಿನಲ್ಲೇ ತಂದು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಒರಗಿಸಿಡಿ. ದವಡೆ ಕಲ್ಲಿಗೆ ಕಚ್ಚಿದ ಮೇಲೆ ಮಗುವನ್ನು ಕರೆಯುವ ಮುನ್ನ ಎರಡು ಕಿಲೋ ಅಕ್ಕಿಯ ಚೀಲವನ್ನು ಒಂದು ರಾತ್ರಿ ಆ ಗೂಟಕ್ಕೆ ತೂಗುಹಾಕಿ ನೋಡಿ. ಬೆಳಗ್ಗೆ ಅಲ್ಲೇ ಇದ್ದರೆ ಅಕ್ಕಿಯನ್ನು ಡಬ್ಬಕ್ಕೆ ಸುರಿದು ಕೆಂಪು ಚೀಲ ಸಿಕ್ಕಿಸಬಹುದು.