ತೇವದ ಗೋಡೆ, ಬೂಷ್ಟು ಮತ್ತು ಉಬ್ಬಸ



ಮೈಸೂರು ನಗರಕ್ಕೆ ವರ್ಷದಲ್ಲಿ ಬೀಳುವ ಮಳೆ ಸರಾಸರಿ 800 ಮಿಲಿಮೀಟರಿನ ಆಸುಪಾಸು. ಮಲೆನಾಡಿನ ಮಳೆಯ ಮುಂದೆ ಇದು ಬಹಳ ಕಡಿಮೆ. ಆದರೆ ಈ ಮಳೆ ಬರುವ ಕ್ರಮವನ್ನು ಗಮನಿಸಿ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಒಂದು ಸುತ್ತು, ಆಮೇಲೆ ಮೋಡ ಮುಚ್ಚಿದ ತುಂತುರು ದಿನಗಳು, ದಸರಾ ಹೊತ್ತಿಗೆ ಮತ್ತೆ ಜೋರು ಮಳೆ. ಹೀಗೆ ಆರು ತಿಂಗಳ ಕಾಲ ಗೋಡೆಗಳಿಗೆ ಪೂರ್ತಿ ಒಣಗಲು ಬಿಡುವೇ ಸಿಗುವುದಿಲ್ಲ.

ಅಗ್ರಹಾರದ ಕಡೆಯ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಿ. ತಾತ ಕಟ್ಟಿಸಿದ ಮನೆ. ಒಳಕೋಣೆಯ ಗೋಡೆಯ ಮೇಲೆ, ಬೀರುವಿನ ಹಿಂದೆ, ಕಪ್ಪು ಹಸಿರು ಮಚ್ಚೆಗಳು ಎದ್ದಿವೆ. ಬಾಗಿಲು ತೆರೆದರೆ ಮುಗ್ಗಲು ವಾಸನೆ. ಪಿ.ಯು.ಸಿ. ಓದುವ ಮಗಳು ಅದೇ ಕೋಣೆಯಲ್ಲಿ ಮಲಗುತ್ತಾಳೆ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ದಸರಾ ರಜೆ ಬಂದಿದೆ. ಅಮ್ಮ ಹೇಳುತ್ತಾರೆ: "ನಿನಗೆ ಹೇಗೂ ರಜ ಅಲ್ವೇನಮ್ಮ, ಗೋಡೆ ಕೆರೆದುಬಿಡು. ಹಬ್ಬಕ್ಕೆ ಮುಂಚೆ ಒಂದು ಕೋಟ್ ಬಣ್ಣ ಹೊಡೆಸೋಣ." ಮಗಳು ಪೊರಕೆ ಹಿಡಿದು ಒಣಗೋಡೆಯನ್ನು ಗಸಗಸ ಉಜ್ಜುತ್ತಾಳೆ. ರಾತ್ರಿಯಾಗುವಷ್ಟರಲ್ಲಿ ಎದೆ ಬಿಗಿದು, ಉಸಿರಿಗೆ ಸಿಳ್ಳೆಯ ಸದ್ದು ಸೇರುತ್ತದೆ.

ಅಮ್ಮನ ಮಾತಿನಲ್ಲಿ ಅಕ್ಕರೆಗೆ ಕೊರತೆಯಿಲ್ಲ. ಆದರೆ ಅದರಲ್ಲಿ ಎರಡು ತಪ್ಪುಗಳು ಅಡಗಿವೆ. ಆ ತಪ್ಪುಗಳು ಯಾವುವು, ಸರಿಯಾದ ಕ್ರಮ ಯಾವುದು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಮೊದಲು ಬೂಷ್ಟು ಎಂದರೇನು ಎಂಬುದನ್ನು ನೋಡೋಣ. ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದಕ್ಕೆ ಹಸಿರು ಗಿಡಗಳಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಬರುವುದಿಲ್ಲ. ಮರ, ಕಾಗದ, ಬಟ್ಟೆ, ಚರ್ಮ, ಗೋಡೆಯ ಮೇಲಿನ ಧೂಳು, ಬಣ್ಣದೊಳಗಿನ ಅಂಟು, ಹೀಗೆ ಸಿಕ್ಕಿದ್ದನ್ನು ಕರಗಿಸಿ ಹೀರಿಕೊಳ್ಳುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಾಲಕ್ಕೂ ತೇಲಾಡುತ್ತಿರುತ್ತವೆ. ನೀವು ಕುಳಿತಿರುವ ಕೋಣೆಯಲ್ಲೂ ಇವೆ. ಬಹುಪಾಲು ಬೀಜಕಣಗಳು 2ರಿಂದ 10 ಮೈಕ್ರಾನ್ ಗಾತ್ರದವು. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಪ್ರಯೋಗದ ತಟ್ಟೆಯಲ್ಲಿ ಬೆಳೆದು ಪೆನಿಸಿಲಿನ್ ಔಷಧಕ್ಕೆ ದಾರಿ ತೋರಿಸಿದ್ದೂ ಒಂದು ಬೂಷ್ಟೇ. ಅದರ ಬಂಧುಗಳೇ ನಮ್ಮ ಗೋಡೆಯ ಮೇಲೂ ಇರುತ್ತವೆ.

ಬೀಜಕಣ ಎಲ್ಲೆಡೆ ಇದೆ, ಆಹಾರವೂ ಎಲ್ಲೆಡೆ ಇದೆ. ಹಾಗಾದರೆ ಎಲ್ಲ ಗೋಡೆಗಳ ಮೇಲೂ ಬೂಷ್ಟು ಏಕೆ ಬೆಳೆಯುವುದಿಲ್ಲ? ನೀರಿಲ್ಲದ ಕಾರಣ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ. ಅದಕ್ಕಿಂತ ಹೆಚ್ಚು ಹೊತ್ತು ತೇವ ನಿಂತರೆ ಬೀಜಕಣ ಮೊಳೆಯುತ್ತದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ನೀವು ಬಲ್ಲಿರಿ. ಧಾನ್ಯವನ್ನು ಕೆಡದಂತೆ ಕಾಪಾಡುವ ಶಾಸ್ತ್ರದ ಮೊದಲ ಪಾಠ ಚೆನ್ನಾಗಿ ಒಣಗಿಸುವುದು. ಗೋಡೆಗೂ ಅದೇ ಪಾಠ ಅನ್ವಯಿಸುತ್ತದೆ. ಬೂಷ್ಟು ಕಂಡಲ್ಲಿ ನೀರು ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು.

ಇದರಿಂದ ಆರೋಗ್ಯಕ್ಕೆ ಏನು ತೊಂದರೆ? ಆರೋಗ್ಯವಂತರಲ್ಲಿ ಅನೇಕರಿಗೆ ಹೆಚ್ಚಿನ ಬಾಧೆಯಾಗುವುದಿಲ್ಲ. ಉಬ್ಬಸದವರಿಗೆ, ಅಲರ್ಜಿ ನೆಗಡಿಯವರಿಗೆ, ಹಸುಗೂಸುಗಳಿಗೆ, ವಯಸ್ಸಾದವರಿಗೆ, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗ ಕಸಿಯ ಕಾರಣ ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಇದು ದೊಡ್ಡ ಮಾತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ತೇವದ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ ಮತ್ತು ಇತರ ಉಸಿರಾಟದ ತೊಂದರೆಗಳು ಹೆಚ್ಚು ಎಂದು ಅದು ಹೇಳಿದೆ. ನಮ್ಮ ದೇಶದಲ್ಲೇ 27 ಆಸ್ಪತ್ರೆಗಳು ಸೇರಿ, ಶ್ವಾಸಕೋಶ ಗಟ್ಟಿಯಾಗುವ ಬಗೆಯ ಕಾಯಿಲೆಗಳಿರುವ 1,084 ರೋಗಿಗಳನ್ನು ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿದವು. ಅವರಲ್ಲಿ ಸುಮಾರು ಅರ್ಧದಷ್ಟು ಜನರ ಕಾಯಿಲೆ, ಉಸಿರಿನೊಂದಿಗೆ ಒಳಹೋದ ಕಣಗಳಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿದ್ದರಿಂದ ಬಂದದ್ದು. ಆ ಅರ್ಧದಲ್ಲಿ ಮತ್ತೆ ಸುಮಾರು ಅರ್ಧದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದವರು. ನೀರು ನಿಂತ ಕೂಲರಿನ ಹುಲ್ಲುಚಾಪೆ ಬೂಷ್ಟಿಗೆ ಒಳ್ಳೆಯ ನೆಲೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಬಿಡಿಸೋಣ. 2021ರಲ್ಲಿ ಕೋವಿಡ್ ನಂತರ ಕಾಣಿಸಿಕೊಂಡ "ಕಪ್ಪು ಶಿಲೀಂಧ್ರ" ರೋಗವೂ ಗೋಡೆಯ ಕಪ್ಪು ಮಚ್ಚೆಯೂ ಒಂದೇ ಅಲ್ಲ. ಆ ರೋಗ ಬೇರೆ ಗುಂಪಿನ ಶಿಲೀಂಧ್ರದಿಂದ ಬರುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರನ್ನು, ಹೆಚ್ಚು ಸ್ಟೀರಾಯ್ಡ್ ಪಡೆದವರನ್ನು ಅದು ಮುಖ್ಯವಾಗಿ ಕಾಡಿತು. ಸತ್ತ ಅಂಗಾಂಶದ ಕಪ್ಪು ಬಣ್ಣದಿಂದ ಅದಕ್ಕೆ ಆ ಹೆಸರು ಬಂತು. ಆದ್ದರಿಂದ ಗೋಡೆ ನೋಡಿ ಗಾಬರಿಯಾಗುವುದು ಬೇಡ, ಅಸಡ್ಡೆಯೂ ಬೇಡ.

ಅಸಡ್ಡೆಯ ಫಲ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣವನ್ನು ಹೇಳಬೇಕು. ರಾಚ್‌ಡೇಲ್ ಎಂಬ ಊರಿನಲ್ಲಿ ಬಾಡಿಗೆ ಮನೆಯೊಂದರ ಗೋಡೆಗಳಿಗೆ ಬೂಷ್ಟು ಹಿಡಿದಿತ್ತು. ತಂದೆ ದೂರು ಕೊಟ್ಟಾಗ, ಅದರ ಮೇಲೆ ಬಣ್ಣ ಬಳಿದುಕೊಳ್ಳಿ ಎಂಬ ಉತ್ತರ ಬಂದಿತ್ತು. 2020ರ ಡಿಸೆಂಬರಿನಲ್ಲಿ ಅವರ ಎರಡು ವರ್ಷದ ಮಗು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ದೀರ್ಘಕಾಲ ಬೂಷ್ಟಿನ ನಡುವೆ ಬದುಕಿದ್ದೇ ಕಾರಣವೆಂದು 2022ರಲ್ಲಿ ಅಧಿಕೃತ ವಿಚಾರಣೆ ತೀರ್ಮಾನಿಸಿತು. ಮರುವರ್ಷ, ಮನೆ ಬಾಡಿಗೆಗೆ ಕೊಡುವ ಸಾಮಾಜಿಕ ವಸತಿ ಸಂಸ್ಥೆಗಳು ಇಂಥ ತೊಂದರೆಗಳನ್ನು ಗೊತ್ತಾದ ಅವಧಿಯೊಳಗೆ ಸರಿಪಡಿಸಬೇಕೆಂದು ಅಲ್ಲಿ ಕಾನೂನು ಬಂತು.

ಮೇಲೆ ಬಣ್ಣ ಬಳಿಯುವುದು. ನಮ್ಮ ಅಗ್ರಹಾರದ ಮನೆಯ ಮೊದಲ ತಪ್ಪೂ ಇದೇ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೈಸೂರಿನ ಹಳೆಯ ಮನೆಗಳ ಗೋಡೆಗಳಿಗೆ ಸುಣ್ಣದ ಗಾರೆ ಬಳಸುತ್ತಿದ್ದರು. ಸುಣ್ಣದ ಗಾರೆ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಹೊರಕ್ಕೂ ಬಿಡುತ್ತದೆ. ಹಬ್ಬಕ್ಕೆ ಮುಂಚೆ ವರ್ಷವರ್ಷವೂ ಸುಣ್ಣ ಹೊಡೆಯುವ ಪದ್ಧತಿಯಿತ್ತಲ್ಲ, ಅದು ಅಂದಕ್ಕೆ ಮಾತ್ರವಲ್ಲ. ಹಸಿ ಸುಣ್ಣ ಬಲವಾದ ಕ್ಷಾರ. ಅದರಲ್ಲಿ ಬೂಷ್ಟು ಬೆಳೆಯಲಾರದು. ಗಾಳಿಯ ಇಂಗಾಲದ ಡೈ ಆಕ್ಸೈಡಿನೊಡನೆ ಸೇರಿ ಅದು ನಿಧಾನವಾಗಿ ಸುಣ್ಣದಕಲ್ಲಿನ ರೂಪಕ್ಕೆ ತಿರುಗಿದಂತೆ ಕ್ಷಾರಗುಣ ತಗ್ಗುತ್ತದೆ. ಆದ್ದರಿಂದಲೇ ಮತ್ತೆ ಮತ್ತೆ ಬಳಿಯಬೇಕಾಗುತ್ತಿತ್ತು. ಈಗ ಅನೇಕ ಕಡೆ ಅದೇ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿ, ಪ್ಲಾಸ್ಟಿಕ್ ಬಣ್ಣ ಹೊಡೆಸುತ್ತೇವೆ. ಒಳಗೆ ಸೇರಿದ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ. ಕೆಲವು ತಿಂಗಳಲ್ಲಿ ಬಣ್ಣ ಉಬ್ಬಿ ಸಿಪ್ಪೆ ಏಳುತ್ತದೆ, ಹಿಂದಿನಿಂದ ಬೂಷ್ಟು ಮರಳಿ ಬರುತ್ತದೆ.

ಆದ್ದರಿಂದ ಮೊದಲ ಕೆಲಸ ನೀರನ್ನು ನಿಲ್ಲಿಸುವುದು. ಮಚ್ಚೆ ಎಲ್ಲಿದೆ ನೋಡಿ. ಚಾವಣಿಯ ಬಳಿ ಇದ್ದರೆ ತಾರಸಿ ಸೋರುತ್ತಿರಬಹುದು, ಅಥವಾ ನೀರು ಹೋಗುವ ಕಂಡಿಯಲ್ಲಿ ಎಲೆ ಕಟ್ಟಿಕೊಂಡಿರಬಹುದು. ಗೋಡೆಯ ಬುಡದಲ್ಲಿದ್ದು, ಬಿಳಿ ಉಪ್ಪು ಪುಡಿ ಉದುರುತ್ತಿದ್ದರೆ ನೆಲದ ತೇವ ಮೇಲೇರುತ್ತಿದೆ. ನಡುವೆ ಇದ್ದರೆ ಒಳಗಿನ ಕೊಳಾಯಿ ಪೈಪನ್ನು ಅನುಮಾನಿಸಿ. ಬೀರುವಿನ ಹಿಂದೆ ಮಾತ್ರ ಇದ್ದರೆ ಗಾಳಿಯಾಡದಿರುವುದು ಕಾರಣ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳಿನಷ್ಟು ದೂರ ಸರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಮಳೆಗಾಲದಲ್ಲಿ ಕೋಣೆಯೊಳಗೇ ಬಟ್ಟೆ ಒಣಹಾಕಿದರೆ ಅದರ ನೀರೆಲ್ಲ ಅದೇ ಗಾಳಿಗೆ ಸೇರುತ್ತದೆ ಎಂಬುದನ್ನೂ ಮರೆಯಬೇಡಿ.

ಎರಡನೆಯ ತಪ್ಪು, ಉಬ್ಬಸವಿರುವ ಹುಡುಗಿಯ ಕೈಗೇ ಪೊರಕೆ ಕೊಟ್ಟದ್ದು. ಒಣ ಬೂಷ್ಟನ್ನು ಕೆರೆದಾಗ ಲಕ್ಷಾಂತರ ಬೀಜಕಣಗಳು ಒಮ್ಮೆಗೇ ಗಾಳಿಗೆ ಏಳುತ್ತವೆ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಕೆಲಸ ಬೇರೆಯವರದು. ಶುಚಿ ಮಾಡುವಾಗ ಅವರು ಆ ಕೋಣೆಯಲ್ಲಿ ಇರಬಾರದು, ಗೋಡೆ ಒಣಗುವವರೆಗೆ ಅಲ್ಲಿ ಮಲಗಲೂಬಾರದು.

ಕೆಲಸ ಮಾಡುವವರಿಗೆ ಕ್ರಮ ಹೀಗಿದೆ. ಗೋಡೆ ಒದ್ದೆಯಿದ್ದರೆ ಮೊದಲು ಆ ಕೋಣೆಯ ವಿದ್ಯುತ್ ಮೈನ್ ಆರಿಸಿ. ಎನ್-95 ಮುಖಗವಸು ಮೂಗಿನ ಮೇಲೆ ಬಿಗಿಯಾಗಿ ಕೂರುವಂತೆ ಹಾಕಿಕೊಳ್ಳಿ. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ಮನೆಯ ಒಳಬಾಗಿಲು ಮುಚ್ಚಿ, ಹೊರಕ್ಕಿರುವ ಕಿಟಕಿ ತೆರೆಯಿರಿ. ಮಚ್ಚೆಯ ಮೇಲೆ ಸೋಪಿನ ನೀರು ಚಿಮುಕಿಸಿ ತೇವ ಮಾಡಿ, ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಆಮೇಲೆ ಫ್ಯಾನು, ಬಿಸಿಲು, ಗಾಳಿ ಇವುಗಳಿಂದ ಹಲವು ದಿನ ಒಣಗಿಸಿ. ಬಣ್ಣವೋ ಸುಣ್ಣವೋ ಎಲ್ಲಕ್ಕಿಂತ ಕೊನೆಗೆ. ಬೂಷ್ಟು ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ಹೆಚ್ಚು ಹಬ್ಬಿದ್ದರೆ ಅನುಭವವಿರುವ ಕೆಲಸಗಾರರನ್ನು ಕರೆಯುವುದು ಲೇಸು. ಒದ್ದೆಯಾಗಿ ಮುಗ್ಗಲು ಹಿಡಿದ ಹತ್ತಿಯ ಹಾಸಿಗೆ, ದಿಂಬುಗಳನ್ನು ಉಳಿಸಿಕೊಳ್ಳುವ ಆಸೆ ಬಿಡಬೇಕು.

ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅದರ ಘಾಟೇ ಉಬ್ಬಸವನ್ನು ಕೆರಳಿಸುತ್ತದೆ. ಅದಕ್ಕೆ ಶೌಚಾಲಯ ತೊಳೆಯುವ ಆಸಿಡ್ ಬೆರೆತರೆ ಕ್ಲೋರೀನ್ ಅನಿಲ ಹೊರಡುತ್ತದೆ. 1915ರಲ್ಲಿ ಮೊದಲನೆಯ ಮಹಾಯುದ್ಧದ ಕಾಲಕ್ಕೆ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದೇ. ಎರಡನ್ನೂ ಎಂದೂ ಒಟ್ಟಿಗೆ ಬಳಸಬೇಡಿ. ಮುಗ್ಗಲು ವಾಸನೆ ಹೋಗಲೆಂದು ಸಾಂಬ್ರಾಣಿ ಹೊಗೆ ಹಾಕುವವರಿದ್ದಾರೆ. ವಾಸನೆ ಮರೆಯಾಗಬಹುದು, ಗೋಡೆ ಒಣಗುವುದಿಲ್ಲ. ಉಬ್ಬಸದವರಿಗೆ ಆ ಹೊಗೆಯೂ ಒಂದು ಹೊರೆ.

ನೆರೆಯ ನೀರು ನುಗ್ಗಿದ ಮನೆಯ ಮಾತು ಬೇರೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು, ಮೈಸೂರಿನಿಂದ ಹೋಗುವ ಹೆದ್ದಾರಿಯೂ ಮುಳುಗಿತ್ತು. ಅಂಥ ನೀರಿನಲ್ಲಿ ಚರಂಡಿಯ ಕೊಳೆ ಬೆರೆತಿರುತ್ತದೆ. ಅಲ್ಲಿ ಕೆಸರು ತೆಗೆದು, ಸೋಪಿನಿಂದ ತೊಳೆದ ಮೇಲೆ ಕ್ರಿಮಿನಾಶಕವೂ ಅವಶ್ಯ. ಮಕ್ಕಳು ಮತ್ತು ರೋಗಿಗಳು ಆ ಕೆಲಸ ಮುಗಿದ ಮೇಲೆಯೇ ಮನೆಗೆ ಬರಬೇಕು.

ಇನ್ನು ನಿಮ್ಮ ಪುಸ್ತಕಗಳು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಸಾವಿರಾರು ತಾಳೆಗರಿ ಗ್ರಂಥಗಳಿವೆ. ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಇರುವುದು ಅಲ್ಲಿಯೇ. ಅಂಥ ಗರಿಗಳಿಗೂ ತೇವ ದೊಡ್ಡ ಶತ್ರು, ನಿಮ್ಮ ಪಠ್ಯಪುಸ್ತಕಕ್ಕೂ ಅಷ್ಟೇ. ಪುಸ್ತಕ ನೆನೆದರೆ ಹಾಳೆಗಳ ನಡುವೆ ಅಲ್ಲಲ್ಲಿ ಬಿಳಿ ಕಾಗದ ಇಟ್ಟು, ನಿಲ್ಲಿಸಿ, ಫ್ಯಾನಿನ ಗಾಳಿಗೆ ಒಣಗಿಸಿ. ಅಂದೇ ಆಗದಿದ್ದರೆ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿಟ್ಟು, ಬಿಡುವಾದಾಗ ಒಣಗಿಸಬಹುದು.

ಈಗ ಅದೇ ಮನೆಗೆ ಹಿಂದಿರುಗೋಣ. ಅಮ್ಮನಿಗೆ ವಿಷಯ ತಿಳಿದಿದೆ. ಮಗಳ ಹಾಸಿಗೆ ನಡುಮನೆಗೆ ಬಂದಿದೆ. ಅಣ್ಣ ತಾರಸಿ ಹತ್ತಿ ಕಂಡಿಯಲ್ಲಿ ಕಟ್ಟಿದ್ದ ಎಲೆ ತೆಗೆದಿದ್ದಾನೆ, ಮುಖಗವಸು ಹಾಕಿ ಗೋಡೆ ಒರೆಸಿದ್ದಾನೆ. ಹಬ್ಬಕ್ಕೆ ಬಣ್ಣವಾಗಿಲ್ಲ. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಹೊಡೆಸುವುದೆಂದು ತೀರ್ಮಾನವಾಗಿದೆ. ಮಗಳು ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾಳೆ. ಗೋಡೆ ಶುಚಿಯಾಯಿತೆಂದು ಔಷಧ ನಿಲ್ಲಿಸುವಂತಿಲ್ಲ.

ಮಿತ್ರರೇ, ಈ ಭಾನುವಾರ ನಿಮ್ಮ ಮನೆಯನ್ನೂ ಒಮ್ಮೆ ಸುತ್ತಿ ನೋಡಿ. ಬೀರುವಿನ ಹಿಂದೆ, ಬಚ್ಚಲಿನ ಪಕ್ಕದ ಗೋಡೆ, ತಾರಸಿಯ ಕಂಡಿ, ಕೂಲರಿನ ಚಾಪೆ, ಇವಿಷ್ಟನ್ನು ಪರೀಕ್ಷಿಸಿ. ಕಂಡದ್ದನ್ನು ಬರೆದಿಟ್ಟು ಹಿರಿಯರಿಗೆ ತೋರಿಸಿ. ಹಾಸ್ಟೆಲಿನಲ್ಲಿರುವವರು ವಾರ್ಡನ್ನರಿಗೆ ಲಿಖಿತವಾಗಿ ತಿಳಿಸಿ. ಉಬ್ಬಸವಿರುವ ತಂಗಿಯೋ ತಮ್ಮನೋ ಮನೆಯಲ್ಲಿದ್ದರೆ, ಒರೆಸುವ ಬಟ್ಟೆಯನ್ನು ನೀವು ಕೈಗೆ ತೆಗೆದುಕೊಳ್ಳಿ.